ಮೂರು ಮಣ್ಣಿನ ಬೆರಕೆ

"ವಿಷದ ಗಿಡ ಇದರಲ್ಲಿಲ್ಲ ಮೇಡಂ. ಹುಡುಕಿ ಹುಡುಕಿ ಕಣ್ಣು ಹೋಯ್ತು, ಒಂದು ಎಲೆಯೂ ಸಿಗಲಿಲ್ಲ."

ಲ್ಯಾಬಿನ ಕೆಮಿಸ್ಟ್ ಇಷ್ಟು ಹೇಳಿ ಕೈಗವಸು ಕಳಚಿದ. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಇನ್‌ಸ್ಪೆಕ್ಟರಮ್ಮ ಮುಂದಕ್ಕೆ ಬಾಗಿದಳು. ಹದಿನೇಳು ದಿನದ ಹಿಂದೆ, ಹೃದಯದ ತೊಂದರೆಗೆಂದು ಎದೆಸೊಪ್ಪಿನ ಕಷಾಯ ಕುಡಿದು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸತ್ತಿದ್ದರು. ಆ ಸೊಪ್ಪನ್ನು ಕಾಡಿನಿಂದ ಕಿತ್ತು ತಂದ ಮುದುಕ, ಊರಿಗೆಲ್ಲ ಸೊಪ್ಪಜ್ಜ, ಕಲಬೆರಕೆ ಮಾಡಿದ್ದು ತಾನೇ ಎಂದು ಸಹಿ ಹಾಕಿ ಜೈಲು ಸೇರಿದ್ದ. ಆ ಹೇಳಿಕೆ ಬರೆದುಕೊಂಡವಳು ಇವಳೇ.

ಇವಳನ್ನು ಇಲಾಖೆಯವರು ಎದುರಿಗೆ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ರೈಟರಮ್ಮ ಅನ್ನುತ್ತಾರೆ. ಠಾಣೆಯ ರೈಟರಾಗಿ ಕೆಲಸಕ್ಕೆ ಸೇರಿ, ಕಂಡಕಂಡವರ ಮಾತನ್ನೆಲ್ಲ ದುಂಡಗೆ ಬರೆದೂ ಬರೆದೂ ಮೇಲೆ ಬಂದ ಹೆಂಗಸು. ಭುಜದ ಮೇಲೆ ನಕ್ಷತ್ರ ಏರಿದರೂ ಪೆನ್ನು ಮಾತ್ರ ಕೆಳಗಿಡಲಿಲ್ಲ. ಹೇಳಿಕೆ ಬರೆಯುವ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟರೆ ಅವಳಿಗೆ ನಿದ್ದೆ ಬರುವುದಿಲ್ಲ. ತನ್ನ ಕೈಬರಹದ ಮೇಲೆ ಅಷ್ಟೊಂದು ನಂಬಿಕೆ, ಪುಣ್ಯಾತ್ಗಿತ್ತಿಗೆ.

"ವಿಷ ಇಲ್ಲ ಅಂದ್ರೆ ಮೇಷ್ಟ್ರು ಸತ್ತಿದ್ದು ಯಾತರಿಂದ?" ಎಂದು ಕೇಳಿದಳು.

"ಎದೆಸೊಪ್ಪಿನಿಂದಲೇ."

ಕೆಮಿಸ್ಟ್ ಎರಡು ಗಾಜಿನ ತಟ್ಟೆಗಳನ್ನು ಅವಳ ಮುಂದೆ ತಳ್ಳಿದ. ಒಂದರಲ್ಲಿ ಅಂಗೈ ಅಗಲದ, ತಿಳಿಹಸಿರಿನ ಒಣಗಿದ ಎಲೆ. ಮೇಷ್ಟ್ರ ಪಕ್ಕದ ಮನೆಯಾಕೆಯ ಪೊಟ್ಟಣದ್ದು. ಸೊಪ್ಪಜ್ಜನ ಸೊಪ್ಪನ್ನು ಒಣಗಿಸಿ ಮಾರುವ ಅದೇ ಶೆಡ್ಡಿನಿಂದ ತಂದದ್ದನ್ನು ಕುಡಿದೂ ಆಕೆ ಗಟ್ಟಿಮುಟ್ಟಾಗಿದ್ದಳು. ಇನ್ನೊಂದರಲ್ಲಿ ಹೆಬ್ಬೆರಳಷ್ಟೇ ಇದ್ದ, ಕಪ್ಪಿಟ್ಟ, ದಪ್ಪ ಎಲೆ. ಅದು ಮೇಷ್ಟ್ರ ಪೊಟ್ಟಣದ್ದು.

"ಎರಡೂ ಒಂದೇ ತಾಯಿ ಮಕ್ಕಳು. ಬೆಳೆದ ಮನೆ ಮಾತ್ರ ಬೇರೆ," ಎಂದು ಕೆಮಿಸ್ಟ್ ತನ್ನ ಜೋಕಿಗೆ ತಾನೇ ನಕ್ಕ. ಅವಳು ನಗದಿದ್ದುದನ್ನು ಕಂಡು ಗಂಟಲು ಸರಿಮಾಡಿಕೊಂಡು ವಿವರಿಸತೊಡಗಿದ.

ಅವನು ಹೇಳಿದ್ದರ ಸಾರ ಇಷ್ಟು. ತೇವ ಇರುವ ಫಲವತ್ತಾದ ಮಣ್ಣಿನಲ್ಲಿ ಎದೆಸೊಪ್ಪು ಹೊಟ್ಟೆ ತುಂಬ ಉಂಡು ಎಲೆ ಅಗಲಿಸುತ್ತದೆ. ಎಲೆ ದೊಡ್ಡದು, ಅದರೊಳಗಿನ ಔಷಧ ತೆಳು. ಅದೇ ಗಿಡ ಕಲ್ಲಿನ ಸಂದಿಯಲ್ಲಿ ಹುಟ್ಟಿದರೆ ನೀರಿಲ್ಲ, ಸಾರವಿಲ್ಲ. ಬಿಟ್ಟ ನಾಲ್ಕು ಎಲೆಯನ್ನು ಹುಳುವೋ ಮೇಕೆಯೋ ತಿಂದುಬಿಟ್ಟರೆ ಮತ್ತೆ ಚಿಗುರುವ ತ್ರಾಣವೂ ಇಲ್ಲ. ಹಾಗಾಗಿ ಇದ್ದ ಎಲೆಗೇ ಕಹಿ ತುಂಬಿಸಿಕೊಂಡು ಕೂರುತ್ತದೆ. ಆ ಕಹಿಯೇ ನಮಗೆ ಔಷಧ. ಅಳತೆಯಲ್ಲಿದ್ದರೆ ಹೃದಯವನ್ನು ನಡೆಸುತ್ತದೆ, ಅಳತೆ ಮೀರಿದರೆ ನಿಲ್ಲಿಸುತ್ತದೆ. ಸಣ್ಣೆಲೆಯಲ್ಲಿ ಆ ಕಹಿ ದೊಡ್ಡೆಲೆಯದಕ್ಕಿಂತ ನಾಲ್ಕು ಪಟ್ಟು ಸಿಕ್ಕಿತ್ತು. ಪಾಪ, ಮೇಷ್ಟ್ರು ಎಂದಿನಂತೆ ಒಂದು ಚಮಚ ಕುದಿಸಿಕೊಂಡು ಕುಡಿದಿದ್ದರು.

ಯಾವ ಎಲೆ ಯಾವ ಮಣ್ಣಿನದು ಎಂದು ಹೇಗೆ ಹೇಳುತ್ತೀರಿ ಎಂದು ಅವಳು ಕೇಳಿದಳು. ಎದೆಸೊಪ್ಪಿನ ಎಲೆಯ ಅಡಿಯಲ್ಲಿ ನವಿರಾದ ರೋಮ ಇರುತ್ತದೆ, ಹುಟ್ಟಿದ ಜಾಗದ ಧೂಳು ಅಲ್ಲಿ ಅಂಟಿಕೊಂಡು ಒಣಗಿದ ಮೇಲೂ ತಾನಾಗಿ ಉದುರುವುದಿಲ್ಲ ಎಂದ ಕೆಮಿಸ್ಟ್. ಅದನ್ನು ಬ್ರಷ್ಷಿನಿಂದ ಉದುರಿಸಿ ಲೆನ್ಸಿನ ಕೆಳಗೆ ಇಟ್ಟಿದ್ದ. ಅವಳು ಬಗ್ಗಿ ನೋಡಿದಳು. ಪಕ್ಕದ ಮನೆಯಾಕೆಯ ಪೊಟ್ಟಣದ ಎಲೆಗಳಲ್ಲಿ ಕಪ್ಪು ಮಣ್ಣು, ಕೆಂಪು ಮಣ್ಣು. ಮೇಷ್ಟ್ರ ಪೊಟ್ಟಣದ ಎಲೆಗಳಲ್ಲಿ ಬರೀ ಬಿಳಿ ಕಲ್ಲುಪುಡಿ, ಕಲ್ಲುಗುಡ್ಡದ್ದು.

"ಮೂರು ಮಣ್ಣು ಮೇಡಂ," ಎಂದ ಕೆಮಿಸ್ಟ್.

ಈ ಮಾತನ್ನು ಅವಳು ಮೊದಲೇ ಕೇಳಿದ್ದಳು.

ಹದಿನಾರು ದಿನದ ಹಿಂದೆ ಠಾಣೆಯ ಬೆಂಚಿನ ಮೇಲೆ ಕೂತು ಸೊಪ್ಪಜ್ಜ ಹೇಳಿದ್ದು ಇದನ್ನೇ. "ಮೂರು ಮಣ್ಣು ಬೆರಕೆ ಮಾಡ್ತೀನಿ. ನಾನೇ ಮಾಡೋದು, ಬೇರೆ ಯಾರಿಗೂ ಬರಲ್ಲ." ತೂಕಕ್ಕೆಂದು ಸೊಪ್ಪಿಗೆ ಮಣ್ಣು ಸೇರಿಸುವ ಕಳ್ಳರನ್ನು ರೈಟರಮ್ಮ ಬೇಕಾದಷ್ಟು ಕಂಡಿದ್ದಳು. ಇವನೂ ಅದೇ ಜಾತಿ ಎಂದುಕೊಂಡಳು. ದುಂಡಗೆ ಬರೆದಳು: ಸೊಪ್ಪಿಗೆ ಮಣ್ಣು ಮತ್ತಿತರ ವಸ್ತು ಕಲಬೆರಕೆ ಮಾಡಿದ್ದು ನಾನೇ. ಬೆರಕೆ ಅಂದಿದ್ದ ಮುದುಕ, ಮೂರು ಮಣ್ಣಿನ ಸೊಪ್ಪನ್ನು ಸೇರಿಸುವುದಕ್ಕೆ. ಕಲಬೆರಕೆ ಅಂತ ಬರೆದಿದ್ದಳು ಇವಳು. ಎರಡೇ ಎರಡು ಅಕ್ಷರ ಹೆಚ್ಚಿಗೆ, ಮುದುಕನನ್ನು ಜೈಲಿಗೆ ಹಾಕುವುದಕ್ಕೆ ಅಷ್ಟೇ ಸಾಕಾಯಿತು. ನಾಳೆ ಬೆಳಗ್ಗೆ ಹತ್ತಕ್ಕೆ ಆ ಹಾಳೆ ನ್ಯಾಯಾಧೀಶರ ಮೇಜಿನ ಮೇಲಿರುತ್ತದೆ. ಎಪ್ಪತ್ತೆರಡು ವಯಸ್ಸು, ಕೆಮ್ಮು ಬೇರೆ. ಒಂದು ಸಲ ಶಿಕ್ಷೆಯಾಯಿತೆಂದರೆ ಅವನು ಜೀವಂತ ಹೊರಗೆ ಬರುವವನಲ್ಲ.

ಅವಳು ಎದ್ದಳು. ಹೊಸ ಹೇಳಿಕೆ ಇವತ್ತೇ ಆಗಬೇಕು. ಅದಕ್ಕೆ ಮೊದಲು ಬೆರಕೆಯಾಗಿ ಹೋದ ಸೊಪ್ಪಿನಿಂದ ಸಣ್ಣೆಲೆ ಮಾತ್ರ ಹೇಗೆ ಬೇರೆಯಾಯಿತು ಎಂದು ತಿಳಿಯಬೇಕು.

ಸೊಪ್ಪು ಒಣಗಿಸುವ ಶೆಡ್ಡು ಊರಾಚೆಯ ಗೋದಾಮುಗಳ ಸಾಲಿನಲ್ಲಿತ್ತು. ಒಳಗೆ ಕಾಲಿಟ್ಟರೆ ಕಹಿ ಗಾಳಿ ಮೂಗಿಗೆ ಅಡರುತ್ತದೆ. ಆಳೆತ್ತರದ ಮರದ ಚೌಕಟ್ಟುಗಳು, ಅವಕ್ಕೆ ಬಿಗಿದ ಬಲೆಗಳು, ಬಲೆಗಳ ಮೇಲೆ ಹರವಿದ ಸೊಪ್ಪು. ಮೂಲೆಯಲ್ಲಿ ಗಡಗಡ ಸದ್ದು ಮಾಡುತ್ತಿದ್ದ ಒಂದು ಯಂತ್ರ ಅವಳ ಕಣ್ಣಿಗೆ ಬಿತ್ತು. ಹೋದ ಸಲ ಬಂದಾಗಲೂ ಅದು ಅಲ್ಲೇ ಇತ್ತು, ಅವಳು ಕಣ್ಣೆತ್ತಿ ನೋಡಿರಲಿಲ್ಲ.

ಶೆಡ್ಡಿನ ಯಜಮಾನ ಬೊಕ್ಕತಲೆಯ, ಅತಿ ವಿನಯದ ಮನುಷ್ಯ. ಯಾವುದಕ್ಕೂ "ನಂದೇನಿದೆ ಇದರಲ್ಲಿ" ಎಂದು ಶುರು ಮಾಡುವವನು. ಆ ಯಂತ್ರ ಜರಡಿಯಂತೆ, ಈ ವರ್ಷ ತಂದದ್ದಂತೆ. ಗಿರಾಕಿಗಳಿಗೆ ಅಗಲವಾದ, ಮುರಿಯದ ಎಲೆ ಕಂಡರೆ ಇಷ್ಟ. ದೊಡ್ಡೆಲೆ ಮೇಲೆ ನಿಲ್ಲುತ್ತದೆ, ಅದನ್ನು ಪಾರದರ್ಶಕ ಪೊಟ್ಟಣಕ್ಕೆ ತುಂಬಿ ಅಂಗಡಿಗಳಿಗೆ ಕಳಿಸುತ್ತಾರೆ. ಸಣ್ಣದು ಕೆಳಗಿನ ಡಬ್ಬಿಗೆ ಉದುರುತ್ತದೆ.

"ಆ ಸಣ್ಣೆಲೆ ಏನು ಮಾಡ್ತೀರಿ?"

"ನಂದೇನಿದೆ ಇದರಲ್ಲಿ ಮೇಡಂ. ನೋಡೋಕೆ ಚೆನ್ನಾಗಿರಲ್ಲ. ಎಸೆಯೋಕೂ ಮನಸ್ಸು ಬರಲ್ಲ. ಹಳೇ ಗಿರಾಕಿಗಳಾದ್ರೆ ಏನೂ ಅನ್ಕೊಳ್ಳಲ್ಲ ಅಂತ..."

ಇಪ್ಪತ್ತು ವರ್ಷದ ಗಿರಾಕಿಯಾಗಿದ್ದ ಮೇಷ್ಟ್ರಿಗೆ ಹಳಬರೆಂಬ ಸಲುಗೆಯಲ್ಲಿ ಸಣ್ಣೆಲೆಯ ಪೊಟ್ಟಣ ಹೋಗಿತ್ತು. ಎಂಥ ಸಲುಗೆ ನೋಡಿ. ಇಂಥ ಪೊಟ್ಟಣ ಎಷ್ಟು ಕಟ್ಟಿದ್ದೀರಿ ಎಂದು ಅವಳು ಗದರಿದಳು. ಎರಡೇ ಎರಡು ಎಂದು ಅವನು ಆಣೆ ಮಾಡಿ, ಕಪಾಟಿನಿಂದ ಎರಡನೆಯದನ್ನೂ ಅರ್ಧ ತುಂಬಿದ ಡಬ್ಬಿಯನ್ನೂ ತಂದಿಟ್ಟ. ಅವಳು ಎರಡಕ್ಕೂ ಸೀಲ್ ಹಾಕಿದಳು.

"ಈ ಸಲ ಸಣ್ಣೆಲೆ ಯಾಕೋ ಬಹಳ ಬಿತ್ತು ಮೇಡಂ. ಮಳೆ ಕಮ್ಮಿ ಅಲ್ವಾ, ಅದಕ್ಕಿರಬೇಕು," ಎಂದು ಅವನು ಬೆವರು ಒರೆಸಿಕೊಂಡ.

ಇರಬಹುದು ಎಂದುಕೊಂಡು ಅವಳು ಅದನ್ನೂ ಬರೆದುಕೊಂಡಳು. ಮನಸ್ಸು ಆಗಲೇ ಜೈಲಿನ ಕಡೆ ಓಡಿತ್ತು. ಎಲ್ಲ ಸರಿಯಾಗಿ ಕೂಡುತ್ತಿತ್ತು. ಮೂರು ಮಣ್ಣಿನ ಸೊಪ್ಪನ್ನು ಅಜ್ಜ ಹದವಾಗಿ ಬೆರೆಸಿ ಕೊಟ್ಟಿದ್ದ, ತೀಕ್ಷ್ಣವಾದದ್ದು ಸಪ್ಪೆಯಾದದ್ದರ ಜೊತೆ ಸೇರಿ ಎಲ್ಲರಿಗೂ ಒಂದೇ ಅಳತೆಯ ಔಷಧ ಸಿಗಲಿ ಎಂದು. ಅಂದ ಚಂದ ನೋಡಲು ಹೋಗಿ ಈ ಜರಡಿ ಆ ಬೆರಕೆಯನ್ನು ಬಿಡಿಸಿಹಾಕಿತ್ತು. ಅಜ್ಜನದು ಏನೂ ತಪ್ಪಿಲ್ಲ.

ಬಲೆಗಳ ಹಿಂದೆ ಸೊಪ್ಪು ತಿರುವುತ್ತ ನಿಂತಿದ್ದಳು ಸೊಪ್ಪಜ್ಜನ ಮಗಳು. ನಲವತ್ತರ ಆಸುಪಾಸಿನ, ಮಾತು ಕಮ್ಮಿಯ ಹೆಂಗಸು. ಮನೆಯಲ್ಲಿ ಇರುವುದು ಅವಳು, ಅಪ್ಪ, ಇಬ್ಬರೇ. ಅಪ್ಪ ಕಿತ್ತ ಸೊಪ್ಪನ್ನು ಮೂಟೆ ಕಟ್ಟಿ ಶೆಡ್ಡಿಗೆ ತರುವವಳೂ ಅವಳೇ, ಹರವುವವಳೂ ಅವಳೇ. ಬಲಗೈಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಉದ್ದಕ್ಕೆ ತರಚಿ ಮಾಯ್ದ ಗಾಯ, ಹೊಸ ಚರ್ಮ ಇನ್ನೂ ಮೈಬಣ್ಣಕ್ಕೆ ತಿರುಗಿರಲಿಲ್ಲ. ಬಲೆಯ ತಂತಿ ಎಳೆದಿರಬೇಕು ಎಂದುಕೊಂಡಳು ರೈಟರಮ್ಮ.

ಒಳ್ಳೆಯ ಸುದ್ದಿ ಹೇಳುವ ಅವಸರ ಅವಳಿಗೆ. ನಿಮ್ಮಪ್ಪ ನಾಳೆ ಮನೆಗೆ ಬರಬಹುದು ಎಂದಳು. ವಿಷ ಯಾರೂ ಹಾಕಿಲ್ಲ, ಕಲ್ಲುಗುಡ್ಡದ ಸಣ್ಣೆಲೆ ಒಂದೇ ಕಡೆ ಸೇರಿದ್ದರಿಂದ ಹೀಗಾಯಿತು, ತಪ್ಪು ಜರಡಿಯದು ಎಂದು ಒಂದೇ ಉಸಿರಿಗೆ ತಿಳಿಸಿದಳು.

ಮಗಳ ಕೈ ನಿಂತಿತು. "ಕಲ್ಲುಗುಡ್ಡದ ಸೊಪ್ಪಿಂದಾನೇ ಸತ್ರಾ, ಮೇಷ್ಟ್ರು?"

ಹೌದು ಎಂದಳು ರೈಟರಮ್ಮ.

"ಬೇರೆ ಏನೂ ಇರ್ಲಿಲ್ವಾ ಅದರಲ್ಲಿ? ಸೊಪ್ಪೇನಾ?"

ಸೊಪ್ಪೇ ಎಂದಳು ರೈಟರಮ್ಮ ಮತ್ತೊಮ್ಮೆ. ಅಪ್ಪನಿಗೆ ಕೊಡಿ ಎಂದು ಮಡಿಸಿಟ್ಟಿದ್ದ ಉಣ್ಣೆಯ ಶಾಲು ಪಕ್ಕದಲ್ಲೇ ಇತ್ತು, ಅದನ್ನು ಕೊಡುವುದೂ ಮರೆತು ಮಗಳು ನಿಂತಳು. ಸಂತೋಷಕ್ಕೆ ಮೈಮರೆತಿದ್ದಾಳೆ ಎಂದುಕೊಂಡು ಇವಳು ಜೀಪು ಹತ್ತಿದಳು. ಮೂವತ್ತು ವರ್ಷ ಜನರ ಮುಖ ನೋಡಿ ಕೆಲಸ ಮಾಡಿದವಳು ಆ ಮುಖವನ್ನು ಇನ್ನೊಂದು ಗಳಿಗೆ ನೋಡಬಾರದಿತ್ತೇ.

ಜೈಲಿನ ಆಸ್ಪತ್ರೆಯಲ್ಲಿ ಆರು ಮಂಚ, ಐದು ಖಾಲಿ. ಕಿಟಕಿಯ ಪಕ್ಕದ ಮಂಚದ ಮೇಲೆ ಸೊಪ್ಪಜ್ಜ ಕಾಲು ಇಳಿಬಿಟ್ಟು ಕೂತಿದ್ದ. ಮಧ್ಯಾಹ್ನದ ಬಿಸಿಲು ಅವನ ಪಾದದ ಮೇಲೆ ಬಿದ್ದಿತ್ತು. ರೈಟರಮ್ಮ ಸ್ಟೂಲು ಎಳೆದುಕೊಂಡು ಕೂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಈಗ ಒಂದೂ ನೆನಪಿಗೆ ಬರಲಿಲ್ಲ.

"ಅಜ್ಜ, ತಪ್ಪು ನಂದು. ನೀವು ಹೇಳಿದ್ದೇ ಒಂದು, ನಾನು ಬರೆದಿದ್ದೇ ಒಂದು."

ಮುದುಕ ತಲೆ ಎತ್ತಿ ನೋಡಿದ. ಠಾಣೆಯಲ್ಲಿ ಇದೇ ಹೆಂಗಸು ಅವನನ್ನು ನೀನು ಎಂದು ಏಕವಚನದಲ್ಲಿ ಮಾತಾಡಿಸಿದ್ದಳು. ಈಗಿನ 'ನೀವು' ಅವನ ಕಿವಿಗೆ ಬಿದ್ದದ್ದು ಮುಖದಲ್ಲಿ ಕಂಡಿತು. ಅವಳಿಗೆ ನಾಚಿಕೆಯಾಯಿತು. ಬೆರಕೆಗೂ ಕಲಬೆರಕೆಗೂ ಇರುವ ವ್ಯತ್ಯಾಸ, ಕಾನೂನಿನಲ್ಲಿ ಆ ಪದಕ್ಕಿರುವ ಶಿಕ್ಷೆ, ತಾನು ಮಾಡಿದ ಎಡವಟ್ಟು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು.

"ನೀವು ಅದನ್ನ ಓದಿ ಹೇಳಿದಿರಲ್ಲ, ಕೇಳಿಸ್ಕೊಂಡೆ," ಎಂದ ಅಜ್ಜ. "ಹಾಲಿಗೆ ನೀರು ಹಾಕೋರಿಗೆ ಹಾಗಂತಾರೆ ಅಂತ ಗೊತ್ತಿತ್ತು. ಸೊಪ್ಪಿನ ಕೆಲಸಕ್ಕೂ ಕಚೇರೀಲಿ ಅದೇ ಪದ ಇರಬೇಕು ಅಂದ್ಕೊಂಡೆ. ಬರೆಯೋರು ನೀವು, ನಿಮಗೆ ಗೊತ್ತಿರುತ್ತಲ್ಲಮ್ಮ."

ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿಕೊಂಡಳು.

ಮೇಷ್ಟ್ರು ಒದ್ದಾಡಿದರೇ ಎಂದು ಅಜ್ಜ ಕೇಳಿದ. ಇಲ್ಲ, ಕುರ್ಚಿಯಲ್ಲಿ ಕೂತಲ್ಲೇ ಹೋದರು ಎಂದಳು. ಅವನು ತಲೆಯಾಡಿಸಿದ. ಮೇಷ್ಟ್ರು ಒಂದು ಸಲ ಎದೆಸೊಪ್ಪಿನ ಗಿಡದ ಚಿತ್ರ ಬರೆದುಕೊಟ್ಟಿದ್ದರಂತೆ, ಎಲೆಯ ನರ ನರ ಬಿಡಿಸಿ. ಅದು ಮನೆಯ ಗೋಡೆಯ ಮೇಲಿದೆ ಎಂದ.

ರೈಟರಮ್ಮ ಚೀಲದಿಂದ ಹೊಸ ಹಾಳೆ ತೆಗೆದಳು. ಬೆರಕೆಯ ಲೆಕ್ಕ ಹೇಳಿ ಎಂದಳು. ಅಜ್ಜನಿಗೆ ಜೀವ ಬಂದಂತಾಯಿತು. ಹೊಳೆದಂಡೆಯ ಕಪ್ಪು ಮಣ್ಣಿನ ಸೊಪ್ಪು ನಾಲ್ಕು ಹಿಡಿ, ಅದು ಸಪ್ಪೆ. ಹೊಲದ ಬದುವಿನ ಕೆಂಪು ಮಣ್ಣಿನದು ಎರಡು ಹಿಡಿ, ಅದು ಮಧ್ಯಮ. ಕಲ್ಲುಗುಡ್ಡದ್ದು ಒಂದೇ ಒಂದು ಹಿಡಿ. ಪ್ರತಿ ಸಲ ಒಂದೊಂದು ಎಲೆ ನಾಲಿಗೆಗೆ ಹಚ್ಚಿ ನೋಡುತ್ತಾನಂತೆ, ಕಹಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು. ಮಳೆ ಹೆಚ್ಚಾದ ವರ್ಷ ಒಂದು ಲೆಕ್ಕ, ಕಮ್ಮಿಯಾದ ವರ್ಷ ಇನ್ನೊಂದು. ಲ್ಯಾಬಿನ ಯಂತ್ರ ಮೂರು ದಿನದಲ್ಲಿ ಹೇಳಿದ್ದನ್ನು ಈ ಮುದುಕ ನಾಲಿಗೆಯಲ್ಲಿ ಹೇಳುತ್ತಿದ್ದ. ಅವಳು ಒಂದಕ್ಷರ ಬಿಡದೆ ಬರೆದಳು, ಅವನು ಅಂದ ಮಾತನ್ನೇ. ಆಮೇಲೆ ಓದಿ ಹೇಳಿದಳು: ಕಪ್ಪು ಮಣ್ಣಿಂದು ನಾಲ್ಕು ಹಿಡಿ, ಕೆಂಪು ಮಣ್ಣಿಂದು ಎರಡು, ಕಲ್ಲುಗುಡ್ಡದ್ದು ಒಂದು, ಹೀಗೆ ಬೆರಕೆ ಮಾಡಿ ಈ ವರ್ಷವೂ ಶೆಡ್ಡಿಗೆ ಕೊಟ್ಟಿರುತ್ತೇನೆ.

"ಅಲ್ಲಮ್ಮ," ಎಂದ ಅಜ್ಜ. "ಈ ವರ್ಷದ್ದು ಹಂಗಲ್ಲ. ಈ ಸಲ ಸರಿಯಾಗಿ ಬರ್ಕೊಳ್ಳಿ. ಈ ವರ್ಷ ಕಲ್ಲುಗುಡ್ಡದ ಸೊಪ್ಪು ಇಲ್ಲ."

ಅವಳ ಪೆನ್ನು ನಿಂತಿತು. "ಇಲ್ಲ ಅಂದ್ರೆ?"

"ಮೊಣಕಾಲು ಕೈ ಕೊಟ್ಟಿದೆ. ಗುಡ್ಡ ಹತ್ತೋಕೆ ಆಗ್ಲಿಲ್ಲ. ಎರಡೇ ಮಣ್ಣಿನ ಬೆರಕೆ ಈ ಸಲ."

"ಒಂದು ಹಿಡಿಯೂ ಇಲ್ವಾ? ಮೇಷ್ಟ್ರ ಪೊಟ್ಟಣದಲ್ಲಿ ಇದ್ದಿದ್ದೆಲ್ಲ ಕಲ್ಲುಗುಡ್ಡದ್ದೇ ಅಜ್ಜ, ಸತ್ತಿದ್ದು ಅದರಿಂದಲೇ."

"ಒಂದೆಲೆಯೂ ಇಲ್ಲ. ನನಗದು ಒಂದು ಕೊರಗು. ದಿನಾ ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳ್ತಿದ್ದೆ, ಮೂರನೇ ಮಣ್ಣಿಲ್ಲದೆ ನನ್ನ ಬೆರಕೆ ಸಪ್ಪೆಯಾಯ್ತು, ಔಷಧ ಕುಡಿದೋರಿಗೆ ಗುಣ ಆಗಲ್ಲ, ಗುಡ್ಡ ಹತ್ತೋರು ಯಾರೂ ಇಲ್ಲ ಅಂತ ಮಗಳ ಹತ್ರ..."

ಅಜ್ಜ ಅಲ್ಲಿಗೆ ನಿಲ್ಲಿಸಿದ.

ರೈಟರಮ್ಮ ಅವನ ಮುಖ ನೋಡಿದಳು. ಅವನು ಅವಳ ಮುಖ ನೋಡಲಿಲ್ಲ, ಗೋಡೆ ನೋಡುತ್ತಿದ್ದ. ಸಣ್ಣೆಲೆ ಯಾಕೋ ಬಹಳ ಬಿತ್ತು ಎಂದಿದ್ದ ಯಜಮಾನ. ಬಲೆಯ ತಂತಿ ಮಗಳ ಕೈಯ ಗಾಯದಷ್ಟು ಉದ್ದಕ್ಕೆ ಚರ್ಮ ಎಳೆಯುವುದಿಲ್ಲ, ಕಲ್ಲು ಎಳೆಯುತ್ತದೆ. ಗುಡ್ಡ ಹತ್ತುವವರು ಯಾರೂ ಇಲ್ಲ ಎಂದು ದಿನಾ ಕೊರಗುತ್ತಿದ್ದ ಅಪ್ಪನಿಗೆ ಹೇಳದೆ ಮಗಳು ಗುಡ್ಡ ಹತ್ತಿದ್ದಳು. ಮೂಟೆಗೆ ಎಷ್ಟು ಹಿಡಿ ಸೇರಿಸಬೇಕೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಬೇರೆ ಯಾರಿಗೂ ಬರಲ್ಲ ಎಂದು ಅಜ್ಜನೇ ಹೇಳಿದ್ದನಲ್ಲ. ಸಿಕ್ಕಷ್ಟು ಕಿತ್ತು ಪ್ರೀತಿಯಿಂದ ತುಂಬಿದ್ದಳು.

ಅಜ್ಜ ಗೋಡೆಯಿಂದ ಕಣ್ಣು ತೆಗೆದ. "ಆ ಹಾಳೆ ಹರಿದುಹಾಕಿ ಅಮ್ಮ."

"ಅಜ್ಜ..."

"ಮೊದಲು ಬರೆದಿದ್ರಲ್ಲ, ಅದೇ ಸರಿ. ಮಾಡಿದ್ದು ನಾನೇ. ಗೊತ್ತಿದ್ದೂ ಮಾಡ್ದೆ. ನಾಳೆ ಅಲ್ಲೂ ಅದನ್ನೇ ಹೇಳ್ತೀನಿ."

ಅದು ಸುಳ್ಳು, ಸುಳ್ಳಿಗೆ ನಾನು ಸಾಕ್ಷಿಯಾಗಲಾರೆ ಎಂದಳು ರೈಟರಮ್ಮ. ಮಗಳು ಬೇಕೆಂದು ಮಾಡಿದ್ದಲ್ಲ, ಅದನ್ನು ಹಾಗೆಯೇ ಹೇಳಿದರೆ ನ್ಯಾಯಾಧೀಶರು ಕೇಳಿಯಾರು ಎಂದಳು. ಹೇಳುತ್ತಿರುವಾಗಲೇ ತನ್ನ ಮಾತಿನಲ್ಲಿ ತನಗೇ ಬಲವಿಲ್ಲ ಎನ್ನಿಸಿತು. ನಾನೂ ಬೇಕೆಂದು ಮಾಡಿದ್ದಲ್ಲ ಅಜ್ಜ, ಆದರೂ ನೀವು ಹದಿನಾರು ದಿನ ಇಲ್ಲಿ ಕೂತಿರಿ ಎಂದು ಒಳಗೊಳಗೇ ಅಂದುಕೊಂಡಳು.

ಅಷ್ಟರಲ್ಲಿ ವಾರ್ಡರು ಬಾಗಿಲಲ್ಲಿ ಕಾಣಿಸಿಕೊಂಡ. ಅಜ್ಜನ ಮಗಳು ಗೇಟಿನಲ್ಲಿದ್ದಾಳೆ ಎಂದ. ಶೆಡ್ಡಿನಿಂದ ಓಡಿಕೊಂಡೇ ಬಂದಂತಿದೆ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಅಪ್ಪನನ್ನು ನೋಡಬೇಕು ಅನ್ನುತ್ತಿಲ್ಲ ಮೇಡಂ, ನಿಮ್ಮನ್ನು ಕೇಳುತ್ತಿದ್ದಾಳೆ, ಹೇಳಿಕೆ ಕೊಡಬೇಕಂತೆ.

ಶೆಡ್ಡಿನಲ್ಲಿ ಒಳ್ಳೆಯ ಸುದ್ದಿ ಎಂದು ತಾನೇ ಬಾಯಿಬಿಟ್ಟು ಹೇಳಿಬಂದದ್ದು ರೈಟರಮ್ಮನಿಗೆ ನೆನಪಾಯಿತು. ಎರಡನೇ ತಪ್ಪು, ಅದೂ ಒಂದೇ ಕೇಸಿನಲ್ಲಿ.

ಒಳಗೆ ಕಳಿಸಿ ಎಂದು ಅವಳು ಹೇಳುವುದಕ್ಕೂ, ಅಜ್ಜ ಮಂಚದಿಂದ ಬಾಗಿ ಅವಳ ಬಲಗೈ ಹಿಡಿಯುವುದಕ್ಕೂ ಸರಿಹೋಯಿತು. ಎಪ್ಪತ್ತೆರಡರ ಕೈಗೆ ಅಷ್ಟು ಬಿಗಿ ಇರುತ್ತದೆ ಎಂದು ಅವಳು ಎಣಿಸಿರಲಿಲ್ಲ.

"ಅವಳು ಏನು ಹೇಳಿದ್ರೂ ಬರ್ಕೋಬೇಡಿ ಅಮ್ಮ," ಎಂದ. ಧ್ವನಿ ಏರಲಿಲ್ಲ. "ಒಂದು ಸಲ ನಾನು ಹೇಳಿದ್ದನ್ನ ನೀವು ಬರೀಲಿಲ್ಲ. ನಾನೇನಾದ್ರೂ ಅಂದ್ನಾ? ಇನ್ನೊಂದು ಸಲ, ಹಾಗೇ ಮಾಡಿ."

ಕಾರಿಡಾರಿನಲ್ಲಿ ಬರಿಗಾಲಿನ ಸದ್ದು ಹತ್ತಿರವಾಯಿತು. ಅಜ್ಜ ಕೈ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

ಮಗಳು ಒಳಗೆ ಬಂದಳು. ಅಪ್ಪನ ಕಡೆ ತಿರುಗಿಯೂ ನೋಡದೆ ಸ್ಟೂಲಿನ ಮುಂದೆ ನೆಲದ ಮೇಲೆ ಕೂತಳು.

"ಬರ್ಕೊಳ್ಳಿ ಮೇಡಂ," ಎಂದಳು.